ತಿಕ್ಕಿದರೆ ಉಬ್ಬುವ ಕಲೆಗಳು: ಮನೆಯವರು ತಿಳಿದಿರಬೇಕಾದ ಒಂದು ಚರ್ಮರೋಗ

ಮುಂಬಯಿಯ ಉಪನಗರವೊಂದರಲ್ಲಿ ಎರಡು ಕೋಣೆಗಳ ಒಂದು ಕನ್ನಡ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನ ಬೆಳಗಿನ ಲೋಕಲ್ ಗಾಡಿ ಹಿಡಿಯಲು ಹೊರಟುಹೋಗಿದ್ದಾನೆ. ಮಗಳ ಬಾಣಂತನಕ್ಕೆಂದು ಧಾರವಾಡದಿಂದ ಬಂದ ಅಜ್ಜಿ ಐದು ತಿಂಗಳ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಾರೆ. ಮಗುವಿನ ಹೊಟ್ಟೆ ಬೆನ್ನುಗಳ ಮೇಲೆ ಕಂದುಬಣ್ಣದ ಚಿಕ್ಕ ಚಿಕ್ಕ ಕಲೆಗಳು ಕಾಣಿಸಿಕೊಂಡು ಒಂದು ತಿಂಗಳಾಗಿದೆ. ಎಣ್ಣೆಯಾಯಿತು, ಕಡಲೆಹಿಟ್ಟಾಯಿತು, ಹಬೆಯಾಡುವ ಬಿಸಿನೀರಾಯಿತು. ಟವೆಲಿನಿಂದ ಮೈ ಒರೆಸುವಷ್ಟರಲ್ಲಿ ಒಂದೊಂದು ಕಲೆಯೂ ಸೊಳ್ಳೆ ಕಚ್ಚಿದಂತೆ ಉಬ್ಬಿ ನಿಂತಿದೆ, ಮುಖ ಕೆಂಪೇರಿದೆ, ಮಗು ಎತ್ತಿಕೊಂಡರೂ ಸುಮ್ಮನಾಗದೆ ಅಳುತ್ತಿದೆ. "ಪಿತ್ತ ಎದ್ದದ ಕೂಸಿಗೆ, ಕಂಬಳಿ ತಿಕ್ಕಿದ್ರ ಇಳೀತದ" ಎಂದು ಅಜ್ಜಿ ಊರಿನಿಂದ ತಂದ ಕರಿಕಂಬಳಿಯನ್ನು ಹುಡುಕುತ್ತಾರೆ.

ಅಜ್ಜಿಯದು ಅಜ್ಞಾನವೆಂದು ನಗುವವರು ನಗಬಹುದು. ಆದರೆ ಆ ನಗೆಗೆ ಆಧಾರವಿಲ್ಲ. ನೂರು ಮಕ್ಕಳಿಗೆ ನೀರೆರೆದ ಕೈ ಅದು. ಆ ನೂರರಲ್ಲಿ ಒಂದಕ್ಕೂ ಇಂಥ ಕಲೆಗಳಿರಲಿಲ್ಲ. ಪಿತ್ತದ ಗಂಧೆ ಎಂದು ಊರಿನಲ್ಲಿ ಕರೆಯುವ ದದ್ದು ಬರುತ್ತದೆ, ಕೆಲವು ಗಂಟೆಗಳಲ್ಲಿ ಗುರುತು ಉಳಿಸದೆ ಮಾಯವಾಗುತ್ತದೆ. ಈ ಮಗುವಿನ ಮೈಮೇಲಿನದು ಹಾಗಲ್ಲ. ಉಬ್ಬು ಇಳಿದರೂ ಕಲೆ ಇದ್ದಲ್ಲಿಯೇ ಇರುತ್ತದೆ. ಮರುದಿನ ತಿಕ್ಕಿದರೆ ಅದೇ ಜಾಗ ಮತ್ತೆ ಏಳುತ್ತದೆ. ಈ ಒಂದು ವ್ಯತ್ಯಾಸವನ್ನು ಗಮನಿಸುವವರು ಮನೆಯಲ್ಲಿ ಒಬ್ಬರಿದ್ದರೆ ಅರ್ಧ ರೋಗನಿದಾನ ಅಲ್ಲಿಯೇ ಆದಂತೆ.

ವೈದ್ಯರು ಇದನ್ನು ಅರ್ಟಿಕೇರಿಯ ಪಿಗ್ಮೆಂಟೋಸ ಎಂದು ಕರೆಯುತ್ತ ಬಂದಿದ್ದಾರೆ. ಮಾಸ್ಟ್ ಕೋಶಗಳೆಂಬ ಒಂದು ಬಗೆಯ ಜೀವಕೋಶಗಳು ಚರ್ಮದಲ್ಲಿ ಮಿತಿಮೀರಿ ಸೇರಿಕೊಳ್ಳುವ ಮಾಸ್ಟೊಸೈಟೋಸಿಸ್ ಎಂಬ ರೋಗಕುಟುಂಬದಲ್ಲಿ ಇದೇ ಹೆಚ್ಚಾಗಿ ಕಾಣುವ ರೂಪ. ಮಕ್ಕಳಲ್ಲಿ ಬಹುಪಾಲು ಎರಡು ವರ್ಷ ತುಂಬುವುದರೊಳಗೆ ಕಾಣಿಸಿಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಒಂದೇ ಒಂದು ದಪ್ಪ ಗಂಟು ಇದ್ದು ಬೇರೇನೂ ಇರುವುದಿಲ್ಲ. ಅದಕ್ಕೆ ಮಾಸ್ಟೊಸೈಟೋಮ ಎಂದು ಹೆಸರು. ಮೈಯೆಲ್ಲ ವ್ಯಾಪಿಸಿ, ಚರ್ಮ ದಪ್ಪಗಾಗಿ, ನೀರುಗುಳ್ಳೆ ಏಳುವ ಮೂರನೆಯ ರೂಪ ತೀರ ಅಪರೂಪ. ಆ ಮಕ್ಕಳ ಆರೈಕೆ ಮೊದಲಿನಿಂದಲೂ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು.

ಇಷ್ಟು ಅಪರೂಪದ ರೋಗಕ್ಕೆ ಸಂಘದ ಸ್ಮರಣ ಸಂಚಿಕೆಯಲ್ಲಿ ಇಷ್ಟು ಪುಟಗಳೇಕೆ ಎಂಬ ಆಕ್ಷೇಪ ಬರುವುದು ಸಹಜ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗಗಳ ವಿಷಯ ವರ್ಷಕ್ಕೊಮ್ಮೆ ಬರೆದರೂ ಸಾಲದು ಎಂಬುದು ನಿರ್ವಿವಾದ. ಆದರೆ ಆ ರೋಗಗಳಿಗೆ ಸಲಹೆ ಕೊಡುವವರು ಪ್ರತಿ ಮಹಡಿಯಲ್ಲಿಯೂ ಇದ್ದಾರೆ. ಅಪರೂಪದ ರೋಗದವನ ಕಷ್ಟವೇ ಬೇರೆ: ಅವನ ಸುತ್ತ ಅದನ್ನು ಕಂಡವರೇ ಇರುವುದಿಲ್ಲ, ಆದರೆ ಮಾತನಾಡುವವರಿಗೆ ಕೊರತೆಯಿಲ್ಲ. ಯೂರೋಪಿನ ಅಂದಾಜುಗಳು ಹತ್ತು ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಮಾಸ್ಟೊಸೈಟೋಸಿಸ್ ಇದ್ದೀತೆಂದು ಹೇಳುತ್ತವೆ. ಆ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತರುವುದು ಸಾಧುವಲ್ಲವಾದರೂ, 2011ರ ಜನಗಣತಿಯಲ್ಲಿ 1 ಕೋಟಿ 24 ಲಕ್ಷ ದಾಟಿದ್ದ ಬೃಹನ್ಮುಂಬಯಿಯಂಥ ನಗರದಲ್ಲಿ ಹತ್ತು ಸಾವಿರಕ್ಕೊಬ್ಬರೆಂದರೆ ಸಾವಿರದ ಮೇಲಾಗುತ್ತದೆ. ಶೇಕಡಾವಾರು ಲೆಕ್ಕದಲ್ಲಿ ಶೂನ್ಯವೆಂದು ಬಿಟ್ಟುಬಿಡುವ ಅಂಕೆಯೂ ಮನುಷ್ಯರ ಲೆಕ್ಕದಲ್ಲಿ ಶೂನ್ಯವಾಗುವುದಿಲ್ಲ.

ಈ ರೋಗದ ಇತಿಹಾಸವೂ ಸ್ವಾರಸ್ಯವಾದದ್ದೇ. 1869ರಲ್ಲಿ ಲಂಡನ್ನಿನ ವೈದ್ಯ ಎಡ್ವರ್ಡ್ ನೆಟಲ್‌ಶಿಪ್ ಎರಡು ವರ್ಷದ ಹೆಣ್ಣುಮಗುವೊಂದರಲ್ಲಿ ಉಬ್ಬಿ ಏಳುವ, ಕಂದುಕಲೆ ಉಳಿಸುವ ವಿಚಿತ್ರ ಗಂಧೆಯನ್ನು ವರ್ಣಿಸಿದನು. ಈತ ಮುಂದೆ ಪ್ರಸಿದ್ಧನಾದದ್ದು ನೇತ್ರವೈದ್ಯನಾಗಿ. 1878ರಲ್ಲಿ ಸ್ಯಾಂಗ್ಸ್ಟರ್ ಎಂಬಾತ ಇಂಥದೇ ಇನ್ನೊಂದು ರೋಗಿಯನ್ನು ಕಂಡು ಇಂದಿಗೂ ಬಳಕೆಯಲ್ಲಿರುವ ಹೆಸರನ್ನು ಸೂಚಿಸಿದನು. ಅದೂ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು! ತನಗೆ ಪೂರ್ತಿ ತಿಳಿಯದ್ದನ್ನು ತಿಳಿಯದೆಂದು ಶೀರ್ಷಿಕೆಯಲ್ಲೇ ಒಪ್ಪಿಕೊಂಡ ಆ ಪ್ರಾಮಾಣಿಕತೆ ಈಗಿನ ದಿನಗಳಲ್ಲಿ ವಿರಳ.

ಅದೇ 1878ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ, ಈ ರೋಗದ ಗಂಧವೂ ಇಲ್ಲದ ಇಪ್ಪತ್ತನಾಲ್ಕು ವರ್ಷದ ಪಾಲ್ ಎರ್ಲಿಕ್ ತನ್ನ ಡಾಕ್ಟರೇಟ್ ಪ್ರಬಂಧವನ್ನು ಒಪ್ಪಿಸಿದನು. ಬಟ್ಟೆಗೆ ಹಾಕುವ ಅನಿಲೀನ್ ಬಣ್ಣಗಳನ್ನು ದೇಹದ ಅಂಗಾಂಶಗಳಿಗೆ ಹಾಕಿ ನೋಡುವುದು ಅವನ ಹವ್ಯಾಸ. ಕೆಲವು ಜೀವಕೋಶಗಳ ಒಳಗೆ ತುಂಬಿದ್ದ ಕಣಗಳು ಹಾಕಿದ ಬಣ್ಣವನ್ನೇ ಬದಲಿಸಿ ತೋರಿಸಿದುವು. ಹೊಟ್ಟೆ ತುಂಬ ಉಂಡು ಕೊಬ್ಬಿದ ಕೋಶಗಳಿವು ಎಂದು ಭಾವಿಸಿ ಜರ್ಮನ್ ಭಾಷೆಯಲ್ಲಿ ಕೊಬ್ಬಿಸುವುದೆಂಬ ಅರ್ಥದ 'ಮಾಸ್ಟ್' ಎಂಬ ಪದವನ್ನು ಅವುಗಳಿಗೆ ಕೊಟ್ಟನು. ಊಹೆ ತಪ್ಪಾಗಿತ್ತು, ಹೆಸರು ಉಳಿಯಿತು. ಎರಡು ಬೇರೆ ಬೇರೆ ಖಾತೆಗಳಂತಿದ್ದ ಈ ಎರಡು ಸಂಗತಿಗಳನ್ನು ತಾಳೆ ಹಾಕಿದವನು ಹ್ಯಾಂಬರ್ಗ್‌ನ ಚರ್ಮವೈದ್ಯ ಉನ್ನಾ. ಆ ಕಂದುಕಲೆಗಳಲ್ಲಿ ಕಿಕ್ಕಿರಿದಿರುವುದು ಎರ್ಲಿಕ್‌ನ ಮಾಸ್ಟ್ ಕೋಶಗಳೇ ಎಂದು 1887ರಲ್ಲಿ ಅವನು ತೋರಿಸಿದನು. ಎರ್ಲಿಕ್‌ನಿಗೆ 1908ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಬೇರೆ ಕೆಲಸಕ್ಕೆ.

ಆ ಕಣಗಳಲ್ಲಿ ಇರುವುದು ಆಹಾರವಲ್ಲ, ಮದ್ದುಗುಂಡು. 1953ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೈಲಿ ಮತ್ತು ವೆಸ್ಟ್ ಎಂಬಿಬ್ಬರು ದೇಹದ ಹಿಸ್ಟಮೀನ್ ಮಾಸ್ಟ್ ಕೋಶಗಳಲ್ಲಿ ಶೇಖರವಾಗಿರುವುದನ್ನು ತೋರಿಸಿಕೊಟ್ಟರು. ಹಿಸ್ಟಮೀನಿನ ಜೊತೆಗೆ ಹೆಪಾರಿನ್, ಟ್ರಿಪ್ಟೇಸ್ ಮುಂತಾದವೂ ಅಲ್ಲಿವೆ. ಚರ್ಮ, ಶ್ವಾಸನಾಳ, ಕರುಳುಗಳಲ್ಲಿ, ಅಂದರೆ ಹೊರಗಿನ ಪ್ರಪಂಚ ದೇಹವನ್ನು ಮುಟ್ಟುವ ಗಡಿಯುದ್ದಕ್ಕೂ ಮಾಸ್ಟ್ ಕೋಶಗಳು ಕಾವಲಿಗಿರುತ್ತವೆ. ಶತ್ರು ಬಂದಾಗ ಕಣಗಳನ್ನು ಸಿಡಿಸುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ನೀರು ಸೋರಿ ಜಾಗ ಊದುತ್ತದೆ, ತುರಿಕೆಯಾಗುತ್ತದೆ. ಎಲ್ಲರ ದೇಹದಲ್ಲಿಯೂ ನಡೆಯುವ ಕ್ರಿಯೆಯೇ ಇದು. ಕಾವಲುಗಾರರ ಸಂಖ್ಯೆ ಒಂದೇ ಜಾಗದಲ್ಲಿ ಹಲವು ಪಟ್ಟು ಹೆಚ್ಚಿದ್ದು, ಅವರು ಸಣ್ಣ ಸದ್ದಿಗೂ ಗುಂಡು ಹಾರಿಸುವವರಾದರೆ ಏನಾದೀತೋ ಅದೇ ಈ ರೋಗ. ಕಲೆಯನ್ನು ಮೃದುವಾಗಿ ಕೆಲವು ಸಲ ಸವರಿದರೆ ಐದು ಹತ್ತು ನಿಮಿಷಗಳಲ್ಲಿ ಅದು ಉಬ್ಬುವುದನ್ನು ಫ್ರಾನ್ಸಿನ ದಾರ್ಯೇ ಎಂಬ ವೈದ್ಯನ ಹೆಸರಿನಿಂದ ಕರೆಯುತ್ತಾರೆ. ಅನುಭವಿ ಚರ್ಮವೈದ್ಯನಿಗೆ ಮಗುವಿನಲ್ಲಿ ಈ ಒಂದು ಚಿಹ್ನೆಯೇ ಬಹುಮಟ್ಟಿಗೆ ಸಾಕಾಗುತ್ತದೆ. ಸಂಶಯವಿದ್ದಲ್ಲಿ ಚರ್ಮದ ಚಿಕ್ಕ ಚೂರು ತೆಗೆದು ಬಣ್ಣ ಹಾಕಿ ನೋಡುತ್ತಾನೆ. ಆದರೆ ಮನೆಯಲ್ಲಿ ಬಂದುಹೋಗುವವರೆಲ್ಲ ಕುತೂಹಲಕ್ಕಾಗಿ ಮಗುವಿನ ಕಲೆಗಳನ್ನು ಉಜ್ಜಿ ನೋಡತಕ್ಕದ್ದಲ್ಲ. ದೊಡ್ಡ ಗಂಟನ್ನು ಬಲವಾಗಿ ತಿಕ್ಕಿದರೆ ಒಮ್ಮೆಗೇ ಹೊರಬಿದ್ದ ಹಿಸ್ಟಮೀನ್ ಮಗುವಿನ ರಕ್ತದ ಒತ್ತಡವನ್ನೇ ಕುಸಿಯುವಂತೆ ಮಾಡಬಲ್ಲುದು.

ಕಪ್ಪು, ಎಣ್ಣೆಗಪ್ಪು ಮೈಬಣ್ಣದವರಲ್ಲಿ ಇನ್ನೊಂದು ತೊಡಕಿದೆ. ಪಾಶ್ಚಾತ್ಯ ಪುಸ್ತಕಗಳ ಚಿತ್ರಗಳಲ್ಲಿ ಕಾಣುವ ಕೆಂಪು ಇಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಕಾಣುವುದು ಗಾಢ ಕಂದು ಕಲೆ ಮಾತ್ರ. ಬೆರಳಿಗೆ ಸಿಗುವ ಉಬ್ಬನ್ನು ನಂಬಬೇಕೇ ಹೊರತು ಕಣ್ಣಿಗೆ ಕಾಣದ ಕೆಂಪನ್ನು ಹುಡುಕುತ್ತ ಕೂರಬಾರದು.

ಇನ್ನು ಕಂಬಳಿಯ ವಿಷಯ. ಉಜ್ಜುವಿಕೆ, ಬಿಸಿ, ಒಮ್ಮೆಗೇ ಬೀಳುವ ತಣ್ಣನೆಯ ನೀರು: ಮಾಸ್ಟ್ ಕೋಶಗಳನ್ನು ಸಿಡಿಸುವ ಕಾರಣಗಳಲ್ಲಿ ಇವು ಮೊದಲ ಸಾಲಿನವು. ಅಭ್ಯಂಜನದಲ್ಲಿ ಇವುಗಳಲ್ಲಿ ಎರಡು ಒಟ್ಟಿಗೆ ಸೇರಿರುತ್ತವೆ ಎಂಬುದು ದುರದೃಷ್ಟ. ಎಣ್ಣೆನೀರು ಸಾವಿರಾರು ಮಕ್ಕಳಿಗೆ ಸುಖ ಕೊಟ್ಟ ಪದ್ಧತಿ. ಅದನ್ನು ಹೀಗಳೆಯುವ ಪ್ರಶ್ನೆಯೇ ಇಲ್ಲ. ಈ ಒಂದು ಮಗುವಿಗೆ ಮಾತ್ರ ಅದರ ಕ್ರಮ ಬದಲಾಗಬೇಕು. ಎಣ್ಣೆಯನ್ನು ಅಂಗೈಯಿಂದ ಒತ್ತಿ ಹಚ್ಚಬಹುದು, ತಿಕ್ಕಬಾರದು. ನೀರು ಉಗುರುಬೆಚ್ಚಗಿರಬೇಕು. ಕಡಲೆಹಿಟ್ಟು, ಸೀಗೆಪುಡಿ, ದೀಪಾವಳಿಯಲ್ಲಿ ಮುಂಬಯಿಯವರು ಬಳಸುವ ಒರಟು ಉಟಣೆ ಇವು ಬೇಡ. ಒರೆಸುವ ಬದಲು ಮೆತ್ತನೆಯ ಪಂಚೆಯನ್ನು ಮೈಗೆ ಒತ್ತಿ ನೀರು ಹೀರಿಸಬೇಕು. ಮಾಲೀಶಿಗೆ ಬರುವ ಬಾಯಿಗೆ ಇದನ್ನು ಒಂದು ಸಲವಲ್ಲ, ನಾಲ್ಕು ಸಲ ಹೇಳಬೇಕಾದೀತು. ಅವಳ ಕೈಗೆ ಬಲವಾಗಿ ತಿಕ್ಕದಿದ್ದರೆ ಕೆಲಸ ಮಾಡಿದಂತಾಗುವುದಿಲ್ಲ. ಹೋಳಿಯ ಬಣ್ಣವಾದರೂ ತೊಂದರೆ ಕೊಡುವುದು ಹಚ್ಚುವಾಗಲ್ಲ, ಆಮೇಲೆ ತಿಕ್ಕಿ ತಿಕ್ಕಿ ತೊಳೆಯುವಾಗ.

ಇಲ್ಲೊಂದು ನಾಜೂಕಿನ ಸಂಗತಿಯುಂಟು. ಎಷ್ಟೋ ಮನೆಗಳಲ್ಲಿ ಮಗಳೋ ಸೊಸೆಯೋ ಅಜ್ಜಿಗೆ "ನಿಮಗೆ ಗೊತ್ತಾಗುವುದಿಲ್ಲ, ಬಿಡಿ" ಎಂದು ಮಗುವನ್ನು ಕೈಯಿಂದ ಕಸಿದುಕೊಳ್ಳುತ್ತಾಳೆ; ಅಜ್ಜಿ ಮೌನವಾಗಿ ಊರಿನ ಬಸ್ಸಿನ ಟಿಕೆಟು ತೆಗೆಸಲು ಹೇಳುತ್ತಾರೆ. ಇದು ಅನ್ಯಾಯ, ಅವಿವೇಕವೂ ಹೌದು. ದಿನವೂ ಮಗುವಿನ ಮೈಯೆಲ್ಲವನ್ನೂ ನೋಡುವವರು ಅವರೇ. ಹೊಸ ಕಲೆ ಎಲ್ಲಿ ಬಂತು, ಯಾವುದರಿಂದ ಉಬ್ಬಿತು ಎಂಬ ಲೆಕ್ಕವನ್ನು ಅವರಷ್ಟು ಚೆನ್ನಾಗಿ ಇಡಬಲ್ಲವರು ಯಾರೂ ಇಲ್ಲ. ಅಜ್ಜಿಯನ್ನು ಚರ್ಮವೈದ್ಯರ ಬಳಿಗೆ ಜೊತೆಯಲ್ಲಿಯೇ ಕರೆದೊಯ್ದು, ವೈದ್ಯರ ಬಾಯಿಂದಲೇ ಕಾರಣವನ್ನು ಕೇಳಿಸಿದರೆ ಮನೆಯಲ್ಲಿ ಒಬ್ಬ ದಾದಿ ಸಿಕ್ಕಂತಾಗುತ್ತದೆ. ಭಾಷೆಯ ತೊಡಕಿದ್ದರೆ ಮಕ್ಕಳು ಅಲ್ಲಿಯೇ ಅನುವಾದಿಸಿ ಹೇಳಲಿ. ಹೊರಗೆ ಬಂದು ರಿಕ್ಷಾದಲ್ಲಿ ಎರಡು ಮಾತಿನಲ್ಲಿ ಮುಗಿಸಿಬಿಡುವುದು ಬೇಡ.

ಸ್ನಾನಕ್ಕಿಂತ ಮುಖ್ಯವಾದುದು ಔಷಧಿಯ ವಿಚಾರ. ಪರವೂರಿನ ವಾಸದಲ್ಲಿ ಜ್ವರಕ್ಕೂ ನೋವಿಗೂ ರಸ್ತೆಯ ತಿರುವಿನ ಮೆಡಿಕಲ್ ಸ್ಟೋರೇ ಮೊದಲ ಆಸ್ಪತ್ರೆ. ಆಸ್ಪಿರಿನ್ ಮತ್ತು ಅದೇ ಗುಂಪಿನ ನೋವುನಿವಾರಕಗಳು, ಮಾರ್ಫೀನ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೊಡೀನ್, ಸ್ಕ್ಯಾನಿಂಗಿಗೆ ಮೊದಲು ರಕ್ತನಾಳಕ್ಕೆ ಕೊಡುವ ಕೆಲವು ಕಾಂಟ್ರಾಸ್ಟ್ ದ್ರವಗಳು, ಶಸ್ತ್ರಕ್ರಿಯೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಬಳಸುವ ಕೆಲವು ಔಷಧಗಳು, ಕೆಲವು ಮುಲಾಮುಗಳಲ್ಲಿ ಸೇರಿರುವ ಪಾಲಿಮಿಕ್ಸಿನ್: ಇವೆಲ್ಲ ಮಾಸ್ಟ್ ಕೋಶಗಳನ್ನು ಕೆರಳಿಸಬಲ್ಲವು. ಎಲ್ಲ ರೋಗಿಗಳಿಗೂ ಎಲ್ಲವೂ ಆಗಬಾರದೆಂದಲ್ಲ. ಮೊದಲು ನುಂಗಿ ತೊಂದರೆಯಾಗದಿದ್ದ ಔಷಧವನ್ನು ಸುಮ್ಮನೆ ಬಿಡಿಸಬೇಕಾಗಿಯೂ ಇಲ್ಲ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು; ಆದರೆ ನಿರ್ಧರಿಸಲು ಅವರಿಗೆ ವಿಷಯ ತಿಳಿದಿರಬೇಕು. ಹಲ್ಲು ಕೀಳುವವರಿಗೂ ಅರಿವಳಿಕೆ ಕೊಡುವವರಿಗೂ ಮುಂಚಿತವಾಗಿಯೇ ಹೇಳದಿರುವುದು ಅಪಾಯವನ್ನು ಕೈಬೀಸಿ ಕರೆದಂತೆ. ಲಸಿಕೆಗಳ ಮಾತು ಬೇರೆ. ಕಲೆಗಳಿವೆಯೆಂದು ಮಗುವಿನ ಲಸಿಕೆಗಳನ್ನೇ ನಿಲ್ಲಿಸಿಬಿಡುವ ತಂದೆತಾಯಿಗಳುಂಟು; ಅದು ತಪ್ಪು. ಸಾಮಾನ್ಯವಾಗಿ ಅವುಗಳನ್ನು ಕೊಡಿಸಲೇಬೇಕು, ಕೊಟ್ಟ ಮೇಲೆ ಸ್ವಲ್ಪ ಹೊತ್ತು ಆಸ್ಪತ್ರೆಯಲ್ಲಿಯೇ ನಿಗಾದಲ್ಲಿರಿಸಿಕೊಳ್ಳಬೇಕು ಅಷ್ಟೆ.

ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವವರು ಜೇನನ್ನು ಮರೆಯಬಾರದು. ಈ ರೋಗವಿದ್ದವರಿಗೆ, ಅದರಲ್ಲಿಯೂ ದೊಡ್ಡವರಿಗೆ, ಜೇನುನೊಣ ಕಣಜಗಳ ಕಡಿತದಿಂದ ತೀವ್ರವಾದ ಆಘಾತ ಉಂಟಾಗಬಹುದೆಂಬುದು ಚೆನ್ನಾಗಿ ತಿಳಿದ ವಿಷಯ. ಮಲೆನಾಡಿನ ತೋಟದಲ್ಲಿ ಹೆಜ್ಜೇನು ಕಟ್ಟಿದ ಮರದ ಕೆಳಗೆ ಆಡುವ ಹುಡುಗನ ಸಂಗತಿಯನ್ನು ಊರಿನ ನೆಂಟರಿಗೆ ಹೇಳಿರಬೇಕು. ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವುದು, ಮುಖ ಬಿಳಿಚಿಕೊಳ್ಳುವುದು ಕಂಡರೆ ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಇಂಜೆಕ್ಷನ್ನೇ ಪ್ರಾಣರಕ್ಷಕ. ಉಳಿದ ಮಾತ್ರೆಗಳು ಆಮೇಲೆ. ವಿದೇಶಗಳಲ್ಲಿ ರೋಗಿಯೇ ಚುಚ್ಚಿಕೊಳ್ಳುವ ಸಿದ್ಧ ಪೆನ್ನು ಸಿಗುತ್ತದೆ. ಭಾರತದಲ್ಲಿ ಅದು ಸುಲಭವಾಗಿ ದೊರೆಯುವ ವಸ್ತುವಲ್ಲ. ಅಗ್ಗದ ಆಂಪ್ಯೂಲ್ ಮಾತ್ರ ಬಹುತೇಕ ಎಲ್ಲ ಆಸ್ಪತ್ರೆಗಳಲ್ಲಿಯೂ ಇರುತ್ತದೆ. ಹಿಂದೊಮ್ಮೆ ಇಂಥ ಆಘಾತವಾದವರು ಆಂಪ್ಯೂಲ್ ಮತ್ತು ಸಿರಿಂಜನ್ನು ಮನೆಯಲ್ಲಿಟ್ಟುಕೊಳ್ಳುವ ವಿಷಯವನ್ನು, ಪ್ರಮಾಣವನ್ನು, ಚುಚ್ಚುವ ಕ್ರಮವನ್ನು ತಮ್ಮ ವೈದ್ಯರಿಂದಲೇ ಕಲಿತಿರಬೇಕು.

ಇಷ್ಟು ಓದಿದವರಿಗೆ ಭಯವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ವಸ್ತುಸ್ಥಿತಿ ಭಯಕ್ಕಿಂತ ಸಮಾಧಾನಕ್ಕೇ ಹೆಚ್ಚು ಎಡೆಗೊಡುತ್ತದೆ. ಎಳವೆಯಲ್ಲಿ ಬರುವ ಕಲೆಗಳು ಬಹುಪಾಲು ಮಕ್ಕಳಲ್ಲಿ ಹರೆಯದ ಹೊತ್ತಿಗೆ ಮಾಸುತ್ತವೆ ಅಥವಾ ಗಣನೀಯವಾಗಿ ಕಡಿಮೆಯಾಗುತ್ತವೆ; ಒಂಟಿ ಗಂಟು ಇನ್ನೂ ಬೇಗ ಹೋಗುತ್ತದೆ. ತುರಿಕೆಗೆ ಸೆಟ್ರಿಜಿನ್‌ನಂಥ ಹಳೆಯ, ಅಗ್ಗದ ಮಾತ್ರೆಗಳು ಸಾಲುತ್ತವೆ. ಹೊಟ್ಟೆಯ ತೊಂದರೆಯಿದ್ದರೆ ಫ್ಯಾಮೊಟಿಡಿನ್ ಜೊತೆಯಾಗುತ್ತದೆ. ಚರ್ಮದಲ್ಲಿ ಮಾತ್ರ ಕಲೆಗಳಿದ್ದು, ಬೆಳವಣಿಗೆ ಸರಿಯಾಗಿದ್ದು, ರಕ್ತಪರೀಕ್ಷೆಯಲ್ಲಿ ಅನುಮಾನಕ್ಕೆ ಕಾರಣವಿಲ್ಲದ ಮಗುವಿಗೆ ಅಸ್ಥಿಮಜ್ಜೆ ತೆಗೆಯುವ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಣವಿರುವ ಮನೆಗಳಲ್ಲಿ ಅಜ್ಞಾನದಷ್ಟೇ ಅಪಾಯಕಾರಿಯಾದದ್ದು ಅತಿಪರೀಕ್ಷೆ. ನಾಲ್ಕು ಆಸ್ಪತ್ರೆ, ಎಂಟು ಅಭಿಪ್ರಾಯ, ಪುಟ್ಟ ತೋಳಿನಲ್ಲಿ ಹತ್ತು ಸೂಜಿಯ ಗುರುತು: ಇದರಿಂದ ಮಗುವಿಗೆ ಆಗುವ ಲಾಭ ಶೂನ್ಯ. ಒಬ್ಬ ಒಳ್ಳೆಯ ಚರ್ಮವೈದ್ಯರು, ಒಬ್ಬ ಮಕ್ಕಳ ವೈದ್ಯರು ಸಾಕು.

ದೊಡ್ಡವರಾದ ಮೇಲೆ ಮೊದಲ ಬಾರಿಗೆ ಕಲೆಗಳು ಕಾಣಿಸಿಕೊಂಡರೆ ಮಾತ್ರ ಹೀಗೆ ನಿಶ್ಚಿಂತರಾಗಿರುವಂತಿಲ್ಲ. ಆಗ ಅಸ್ಥಿಮಜ್ಜೆಯಲ್ಲಿಯೂ ಮಾಸ್ಟ್ ಕೋಶಗಳು ಹೆಚ್ಚಿರುವ ಸಂಭವ ಬಹಳ. ರಕ್ತದ ಟ್ರಿಪ್ಟೇಸ್ ಪರೀಕ್ಷೆ, ಎಲುಬಿನ ಸಾಂದ್ರತೆಯ ಪರೀಕ್ಷೆ ಅವಶ್ಯ. ಏಕೆಂದರೆ ಈ ರೋಗ ಸದ್ದಿಲ್ಲದೆ ಎಲುಬುಗಳನ್ನು ಟೊಳ್ಳಾಗಿಸಬಲ್ಲುದು. ಆದರೂ ಇವರಲ್ಲಿ ಹೆಚ್ಚಿನವರದು ನಿಧಾನಗತಿಯ ರೂಪ. ಆಯುಷ್ಯ ಬಹುಮಟ್ಟಿಗೆ ಇತರರಂತೆಯೇ. ಕಿಟ್ ಎಂಬ ಜೀನ್‌ನಲ್ಲಿ ಉಂಟಾಗುವ ಒಂದು ಬದಲಾವಣೆ ದೊಡ್ಡವರ ರೋಗಕ್ಕೆ ಮೂಲವೆಂಬುದು 1995ರಿಂದ ತಿಳಿದುಬಂದಿದೆ. ಅದನ್ನೇ ಗುರಿಯಿಡುವ ಮಾತ್ರೆಗಳು ಅಮೆರಿಕದಲ್ಲಿ ಮನ್ನಣೆ ಪಡೆದಿವೆ: ಉಗ್ರರೂಪಕ್ಕೆ 2017ರಲ್ಲಿ ಮಿಡೊಸ್ಟೌರಿನ್, 2021ರಲ್ಲಿ ಅವಾಪ್ರಿಟಿನಿಬ್; ನಿಧಾನಗತಿಯ ರೂಪಕ್ಕೂ ಎರಡನೆಯದೇ 2023ರಲ್ಲಿ. ಇವು ಮಗುವಿನ ಚರ್ಮದ ಕಲೆಗಳಿಗೆ ಕೊಡುವ ಔಷಧಗಳಲ್ಲ. ಮೊಬೈಲಿನಲ್ಲಿ ಈ ಹೆಸರುಗಳನ್ನು ಓದಿ, ಬೆಲೆ ನೋಡಿ ಮನೆ ಮಾರುವ ಯೋಚನೆಗೆ ಬೀಳುವ ತಂದೆತಾಯಿಗಳಿಗೆ ಈ ಮಾತನ್ನು ಯಾರಾದರೂ ಹೇಳಲೇಬೇಕು.

ಈಗ ಎಲ್ಲಕ್ಕಿಂತ ಕಹಿಯಾದ ವಿಷಯ. ಮೈಮೇಲಿನ ಕಲೆಯೆಂದರೆ ಮನಸ್ಸು ಮೊದಲು ಓಡುವುದು ಕುಷ್ಠದ ಕಡೆಗೆ, ಎರಡನೆಯದಾಗಿ ತೊನ್ನಿನ ಕಡೆಗೆ. ಕುಷ್ಠದ ಕಲೆ ಸಾಮಾನ್ಯವಾಗಿ ಸುತ್ತಲ ಚರ್ಮಕ್ಕಿಂತ ತಿಳಿ ಅಥವಾ ಕೆಂಪಾಗಿದ್ದು, ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಮಾಸ್ಟೊಸೈಟೋಸಿಸ್‌ನ ಕಲೆ ಗಾಢವಾಗಿದ್ದು ತುರಿಸುತ್ತದೆ. ಒಂದಕ್ಕೊಂದು ಅಜಗಜಾಂತರ. ಮೇಲಾಗಿ ಕುಷ್ಠವೇ ಈಗ ಔಷಧದಿಂದ ಪೂರ್ತಿ ಗುಣವಾಗುವ ರೋಗ. ಅದನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ಕಾನೂನಿನ ಮಾತುಗಳನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿದೆ. ಕಾನೂನು ಬಿಟ್ಟದ್ದನ್ನು ನೆಂಟರಿಷ್ಟರು ಬಿಟ್ಟಿಲ್ಲ. ಹೆಣ್ಣುಮಗುವಿನ ಮೈಮೇಲೆ ಕಲೆ ಕಂಡ ಕೂಡಲೆ, ಅವಳಿಗೆ ಇನ್ನೂ ಹಲ್ಲು ಬರುವ ಮೊದಲೇ, "ಮುಂದೆ ಗಂಡು ಸಿಗುವುದು ಹೇಗೆ" ಎಂಬ ಪಿಸುಮಾತು ಶುರುವಾಗುತ್ತದೆ. ಸಂಘದ ಸಂಕ್ರಾಂತಿಯ ಎಳ್ಳುಬೆಲ್ಲದ ಕಾರ್ಯಕ್ರಮಕ್ಕೆ ಸೆಕೆಯಲ್ಲಿಯೂ ತುಂಬುತೋಳಿನ ಅಂಗಿ ತೊಡಿಸಿ ಕರೆತರುತ್ತಾರೆ. ಸೆಕೆಯೇ ಆ ಕಲೆಗಳನ್ನು ಕೆರಳಿಸುತ್ತದೆಂಬುದು ಅವರಿಗೆ ತಿಳಿಯದು. ಮುಚ್ಚಿಡಲು ಇನ್ನೊಂದು ದಾರಿ ಮುಲಾಮು. ಬಣ್ಣ ತಿಳಿಯಾಗಲೆಂದು ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಮೈತುಂಬ ಹಚ್ಚಿ ಎಳೆಯ ಚರ್ಮವನ್ನು ತೆಳ್ಳಗಾಗಿಸಿದ ತಾಯಂದಿರಿದ್ದಾರೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಸರಕಾರ 2018ರಲ್ಲಿಯೇ ಆದೇಶ ಮಾಡಿದೆ. ಕೌಂಟರಿನಲ್ಲಿ ಅದು ಎಷ್ಟು ಪಾಲನೆಯಾಗುತ್ತದೆಂಬುದನ್ನು ಓದುಗರೇ ಬಲ್ಲರು.

ಈ ರೋಗ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಹಾಸಿಗೆಯಲ್ಲಿ ಮಲಗಿದರೂ ಅಂಟುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ವಂಶದಿಂದ ಬಂದದ್ದೂ ಅಲ್ಲ: ಜೀನ್‌ನಲ್ಲಿ ಆದ ಬದಲಾವಣೆ ಗರ್ಭ ಕಟ್ಟಿದ ಮೇಲೆ ಮಗುವಿನ ಕೆಲವು ಜೀವಕೋಶಗಳಲ್ಲಿ ಮಾತ್ರ ಆಗಿರುವಂಥದು. ಒಂದೇ ಮನೆತನದಲ್ಲಿ ಹಲವರಿಗೆ ಬಂದ ಉದಾಹರಣೆಗಳು ವಿರಳವಾಗಿ ಇದ್ದರೂ ಅವು ಅಪವಾದಗಳು. ಆದುದರಿಂದ ತಾಯಿ ಗರ್ಭದಲ್ಲಿದ್ದಾಗ ಏನು ತಿಂದಳು, ಗ್ರಹಣದಲ್ಲಿ ಎಲ್ಲಿ ಕೂತಿದ್ದಳು, ಯಾರ ಕಡೆಯ ರಕ್ತ ಕೆಟ್ಟದ್ದು ಎಂಬ ವಿಚಾರಣೆಗಳೆಲ್ಲ ನಿರಾಧಾರ. ಬಸುರಿಯಾಗಿದ್ದಾಗ ಗಾಡಿಯಲ್ಲಿ ತೂಗಾಡುತ್ತ ಕೆಲಸಕ್ಕೆ ಹೋಗಿಬಂದ ಹೆಣ್ಣುಮಗಳಿಗೆ ಈ ಆರೋಪವನ್ನೂ ಹೊರಿಸುವುದು ನಿರ್ದಯತೆಯಲ್ಲದೆ ಬೇರೆಯಲ್ಲ.

ಮುಚ್ಚಿಡುವ ಈ ಅಭ್ಯಾಸ ವಿಮೆಯ ಅರ್ಜಿಯವರೆಗೂ ಹೋಗುತ್ತದೆ. ಆರೋಗ್ಯ ವಿಮೆ ಪರಮ ವಿಶ್ವಾಸದ ಮೇಲೆ ನಿಂತ ಕರಾರು. ಅರ್ಜಿಯಲ್ಲಿ ಕೇಳಿದ ಸಂಗತಿಯನ್ನು ಬಚ್ಚಿಟ್ಟರೆ ಕರಾರಿನ ಬೇರೇ ಅಲುಗುತ್ತದೆ. "ಚರ್ಮದ ಕಲೆ ತಾನೆ, ಬರೆಯದಿದ್ದರೇನು" ಎಂದು ಏಜೆಂಟನೇ ಸಲಹೆ ಕೊಡುವುದುಂಟು. ಮುಂದೆ ಮಗು ಆಘಾತಕ್ಕೊಳಗಾಗಿ ತುರ್ತುಘಟಕ ಸೇರಿದಾಗ, ಮೂರು ವರ್ಷ ಹಿಂದಿನ ಚರ್ಮವೈದ್ಯರ ಚೀಟಿ ಕಂಪೆನಿಯ ಕೈಗೆ ಸಿಕ್ಕಿ ಕ್ಲೇಮು ತಿರಸ್ಕೃತವಾದರೆ ಏಜೆಂಟನು ಪಾಲುದಾರನಾಗುವುದಿಲ್ಲ. ಬಹಿರಂಗಪಡಿಸಿದ ಹಳೆಯ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ 48 ತಿಂಗಳಿಂದ 36ಕ್ಕೆ ಇಳಿಸಿದೆ. ನಿಜ ಬರೆದು ಮೂರು ವರ್ಷ ಕಾಯುವುದು, ಸುಳ್ಳು ಬರೆದು ಪ್ರತಿ ವರ್ಷ ಕಂತು ಕಟ್ಟುತ್ತ ಎದೆಬಡಿತದಿಂದ ಬದುಕುವುದಕ್ಕಿಂತ ಅಗ್ಗ. ನೌಕರಿಯ ಗುಂಪುವಿಮೆ ಇರುವವರು ಅದರ ಷರತ್ತುಗಳನ್ನು ಒಮ್ಮೆಯಾದರೂ ಓದಬೇಕು. ಹಲವು ಗುಂಪುವಿಮೆಗಳಲ್ಲಿ ಈ ಕಾಯುವಿಕೆಯೇ ಇರುವುದಿಲ್ಲ. ಕೇಂದ್ರ ಸರಕಾರದ ಅಪರೂಪದ ರೋಗಗಳ ನೀತಿ 2021ರಲ್ಲಿ ಬಂದಿದೆ, 2022ರಲ್ಲಿ ಅದರ ನೆರವು 50 ಲಕ್ಷ ರೂಪಾಯಿಗಳವರೆಗೆ ಏರಿದೆ. ಅದು ಪಟ್ಟಿಯಲ್ಲಿ ಸೇರಿದ ರೋಗಗಳಿಗೆ, ಗೊತ್ತುಮಾಡಿದ ಆಸ್ಪತ್ರೆಗಳ ಮೂಲಕ ಸಲ್ಲುವಂಥದು. ಚರ್ಮದ ಕಲೆಗಳ ಮಗುವಿಗೆ ಬೇಕಾದದ್ದು ಲಕ್ಷಗಳಲ್ಲ.

ಬೇಕಾದದ್ದು ಒಂದು ಚೀಟಿ. ಮಗುವಿನ ಹೆಸರು, ರೋಗದ ಹೆಸರು, ಕೊಡಬಾರದ ಔಷಧಗಳು, ಆಘಾತವಾದರೆ ಮೊದಲು ಅಡ್ರಿನಲಿನ್ ಎಂಬ ಸೂಚನೆ, ವೈದ್ಯರ ಸಹಿ ಮತ್ತು ದೂರವಾಣಿ. ಇದನ್ನು ಇಂಗ್ಲಿಷಿನಲ್ಲಿ ಬರೆಸಿಟ್ಟುಕೊಂಡರೆ ಆಸ್ಪತ್ರೆಗಾಯಿತು. ಆದರೆ ಮಗುವನ್ನು ದಿನವಿಡೀ ನೋಡಿಕೊಳ್ಳುವ ಪಾಳಣಾಘರದ ಹೆಂಗಸಿಗೆ ಮರಾಠಿಯಲ್ಲಿ, ಶಾಲೆಯ ಬಸ್ಸಿನವನಿಗೆ ಹಿಂದಿಯಲ್ಲಿ, ಊರಿನ ಅಜ್ಜನಿಗೆ ಕನ್ನಡದಲ್ಲಿ ಅದೇ ಚೀಟಿ ಬೇಕು. ಚೆನ್ನೈಯಲ್ಲಾದರೆ ತಮಿಳು, ಹೈದರಾಬಾದಿನಲ್ಲಾದರೆ ತೆಲುಗು. ಮೂರು ಭಾಷೆಗಳನ್ನು ಸರಾಗವಾಗಿ ಬರೆಯಬಲ್ಲವರು ಕನ್ನಡ ಸಂಘಗಳಲ್ಲಿ ಇದ್ದಷ್ಟು ಇನ್ನೆಲ್ಲಿಯೂ ಇರಲಾರರು. ರಾಜ್ಯೋತ್ಸವದ ಆಹ್ವಾನಪತ್ರಿಕೆಯನ್ನು ಮೂರು ಭಾಷೆಗಳಲ್ಲಿ ಅಚ್ಚು ಹಾಕಿಸುವವರಿಗೆ ಅಂಗೈಯಗಲದ ಈ ಚೀಟಿ ಭಾರವಲ್ಲ. ಸಂಘದ ವಾರ್ಷಿಕ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ರಕ್ತದ ಒತ್ತಡ ನೋಡುವ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿ, ಅಪರೂಪದ ಕಾಯಿಲೆಯಿರುವ ಯಾವ ಮನೆಯವರೇ ಬಂದರೂ ವೈದ್ಯರು ಬರೆದುಕೊಟ್ಟದ್ದನ್ನು ಅನುವಾದಿಸಿಕೊಡುವ ಏರ್ಪಾಡು ಮಾಡಬಹುದು. ಅನುವಾದ ಮುಗಿದ ಮೇಲೆ ವೈದ್ಯರಿಗೆ ಒಮ್ಮೆ ಓದಿ ಹೇಳಿ ಖಚಿತಪಡಿಸಿಕೊಳ್ಳಬೇಕು. ಆಮೇಲೆ ಒಂದು ಪ್ರತಿ ತಂದೆಯ ಪಾಕೀಟಿನಲ್ಲಿ, ಒಂದು ಶಾಲೆಯ ಕಚೇರಿಯಲ್ಲಿ, ಒಂದು ಊರಿನ ಮನೆಯಲ್ಲಿ ದಿನದರ್ಶಿಕೆಯ ಹಿಂದೆ.